ಕಾಡು ಮತ್ತು ಇಡುಗಂಟು: ಒರೆಗಾನ್‌ನ ಎಲಿಯಟ್ ಅರಣ್ಯ ಶಾಲಾ ದತ್ತಿಯಿಂದ ಹೊರಬಂದ ಪ್ರಕರಣ

ಶಾಲೆಯ ಮಕ್ಕಳಿಗೆ ಹಣ ದುಡಿದುಕೊಡಬೇಕಿದ್ದ ಕಾಡೊಂದು 2013ರಲ್ಲಿ ಆ ಮಕ್ಕಳ ನಿಧಿಯಿಂದಲೇ ಸುಮಾರು 30 ಲಕ್ಷ ಡಾಲರ್ ತಿಂದುಹಾಕಿತು. ಅಮೆರಿಕದ ಒರೆಗಾನ್ ರಾಜ್ಯದ ಎಲಿಯಟ್ ಸ್ಟೇಟ್ ಫಾರೆಸ್ಟ್ ಆ ಕಾಡು. ಅದನ್ನು ಕಡಿಯಲೂ ಆಗದೆ, ಮಾರಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ರಾಜ್ಯ ಒಂದು ದಶಕ ಒದ್ದಾಡಿತು. ಕೊನೆಗೆ ತನ್ನದೇ ಕಾಡನ್ನು ತಾನೇ ದುಡ್ಡು ಕೊಟ್ಟು ಕೊಂಡುಕೊಂಡಿತು. ಶಾಲಾ ದತ್ತಿ ಜಮೀನಿನ ಆಡಳಿತ ಎಲ್ಲಿ ಎಡವುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಜಮೀನು ಬಂದದ್ದು ಎಲ್ಲಿಂದ

ಅಮೆರಿಕದ ಪಶ್ಚಿಮದ ನೆಲವನ್ನು ಸರ್ವೆ ಮಾಡಿದ ಕ್ರಮ ಸರಳ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಕ್ಕೆ ಟೌನ್‌ಶಿಪ್ ಎನ್ನುತ್ತಾರೆ. ಅದರೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್‌ಗಳು. ಒಂದು ಸೆಕ್ಷನ್ ಅಂದರೆ 640 ಎಕರೆ. ಈಶಾನ್ಯದ ಮೂಲೆಯಿಂದ ಒಂದು, ಎರಡು ಎಂದು ಎಣಿಸುತ್ತ ಪಶ್ಚಿಮಕ್ಕೆ ಹೋಗಿ, ಎತ್ತು ಸಾಲು ಮುಗಿಸಿ ತಿರುಗುವ ಹಾಗೆ ಕೆಳಗಿನ ಸಾಲಿನಲ್ಲಿ ಪೂರ್ವಕ್ಕೆ ಬರಬೇಕು. ಹೀಗೆ ಎಣಿಸಿದಾಗ 16ನೆಯದು ಚೌಕದ ನಡುವೆ ಬೀಳುತ್ತದೆ, 36ನೆಯದು ಆಗ್ನೇಯದ ಮೂಲೆಯಲ್ಲಿ. 1785ರ ಭೂ ಕಾಯ್ದೆ 16ನೆಯ ಸೆಕ್ಷನ್ನನ್ನು ಶಾಲೆಗೆಂದು ಎತ್ತಿಟ್ಟಿತು. 1848ರಲ್ಲಿ ಒರೆಗಾನ್ ಪ್ರಾಂತ್ಯ ರಚನೆಯಾದಾಗ 36ನೆಯದೂ ಸೇರಿತು. ಆಮೇಲೆ ಬಂದ ಯೂಟಾ, ಅರಿಜೋನಾ, ನ್ಯೂ ಮೆಕ್ಸಿಕೊಗಳಿಗೆ ನಾಲ್ಕು ಸೆಕ್ಷನ್ ಸಿಕ್ಕವು. ಅಲ್ಲಿನ ನೆಲ ಅಷ್ಟು ಬರಡು.

ಗುಡಿಯ ನಂದಾದೀಪಕ್ಕೆ ಗದ್ದೆ ಬಿಟ್ಟ ಶಾಸನಗಳನ್ನು ಓದಿದವರಿಗೆ ಇದರ ತರ್ಕ ಹೊಸದಲ್ಲ. ನೆಲ ದೀಪಕ್ಕೆ ಸೇರಿದ್ದು, ನೋಡಿಕೊಳ್ಳುವವನು ಒಡೆಯನಲ್ಲ. ಒಂದು ವ್ಯತ್ಯಾಸವಿದೆ. ದತ್ತಿ ಬಿಟ್ಟವರಿಗೆ ಆ ನೆಲ ಸೇರಿತ್ತೇ ಎಂಬ ಪ್ರಶ್ನೆ ಒರೆಗಾನ್ ಕರಾವಳಿಯಲ್ಲಿ ಇಂದಿಗೂ ಜೀವಂತವಾಗಿದೆ. ಕೂಸ್, ಲೋವರ್ ಅಂಪ್ಕ್ವಾ, ಸಯೂಸ್ಲಾ ಎಂಬ ಮೂಲನಿವಾಸಿ ಜನರೊಂದಿಗೆ 1855ರಲ್ಲಿ ಮಾಡಿಕೊಂಡ ಒಪ್ಪಂದವನ್ನು ಅಮೆರಿಕದ ಸೆನೆಟ್ ಅನುಮೋದಿಸಲೇ ಇಲ್ಲ. ನೆಲ ಮಾತ್ರ ಅವರ ಕೈಬಿಟ್ಟಿತು.

1859ರ ಫೆಬ್ರುವರಿ 14ರಂದು ರಾಜ್ಯವಾದಾಗ ಒರೆಗಾನ್ ಪಾಲಿಗೆ ಬಂದದ್ದು ಸುಮಾರು 34 ಲಕ್ಷ ಎಕರೆ ಶಾಲಾ ಜಮೀನು. ಅದರಲ್ಲಿ ಈಗ ಉಳಿದಿರುವುದು ಐದರಲ್ಲಿ ಒಂದು ಪಾಲಿನ ಆಸುಪಾಸು. ಎಕರೆಗೆ 1.25 ಡಾಲರ್‌ನಂತೆ ಮಾರಿದ ಕಾಲದಲ್ಲಿ, ದಾರಿಹೋಕರಿಂದ ಅರ್ಜಿಗೆ ಸಹಿ ಹಾಕಿಸಿ ಬೇನಾಮಿಯಾಗಿ ಸಾವಿರಾರು ಎಕರೆ ಹೊಡೆದುಕೊಂಡವರಿದ್ದರು. ಮಾರಿ ಉಳಿದ ಸೆಕ್ಷನ್‌ಗಳು ರಾಷ್ಟ್ರೀಯ ಅರಣ್ಯಗಳ ಒಳಗೆ ಚದುರಂಗದ ಮನೆಗಳಂತೆ ಬಿಡಿಬಿಡಿಯಾಗಿ ಚೆಲ್ಲಿದ್ದವು. 640 ಎಕರೆಯ ತುಂಡಿಗೆ ರಸ್ತೆ ಮಾಡಬೇಕಾದರೂ ಬೇರೆಯವರ ಜಾಗ ದಾಟಬೇಕು. ಆದ್ದರಿಂದ ರಾಜ್ಯ ಆ ತುಂಡುಗಳನ್ನು ಕೇಂದ್ರಕ್ಕೆ ಬಿಟ್ಟುಕೊಟ್ಟು, ಬದಲಿಗೆ ಸಯೂಸ್ಲಾ ರಾಷ್ಟ್ರೀಯ ಅರಣ್ಯದ ದಕ್ಷಿಣ ತುದಿಯಲ್ಲಿ ಒಂದೇ ಕಡೆ ಸೇರಿದ ನೆಲ ಪಡೆಯಿತು. 1930ರಲ್ಲಿ ಅದು ಒರೆಗಾನ್‌ನ ಮೊದಲ ರಾಜ್ಯ ಅರಣ್ಯವಾಯಿತು. ಮೊದಲ ರಾಜ್ಯ ಅರಣ್ಯಾಧಿಕಾರಿ ಫ್ರಾನ್ಸಿಸ್ ಎಲಿಯಟ್ ಅವರ ಹೆಸರು ಅದಕ್ಕೆ ಬಂತು.

ಈ ವಿನಿಮಯ ಆ ಕಾಲಕ್ಕೆ ಜಾಣ ಕೆಲಸವೇ. ಆದರೆ ಮುಂದಿನ ತೊಡಕಿನ ಬೀಜವೂ ಅಲ್ಲೇ ಬಿತ್ತು: ಶಾಲಾ ದತ್ತಿಯ ಬೆಲೆಬಾಳುವ ಭಾಗವೆಲ್ಲ ಒಂದೇ ಕಾಡು, ಒಂದೇ ಮರ, ಒಂದೇ ಮಾರುಕಟ್ಟೆಯ ಮೇಲೆ ನಿಂತಿತು.

ಕಾಡಿನ ಲೆಕ್ಕ

ಎಲಿಯಟ್ ಇರುವುದು ರೀಡ್ಸ್‌ಪೋರ್ಟ್ ಮತ್ತು ಕೂಸ್ ಬೇ ಊರುಗಳ ಪೂರ್ವಕ್ಕೆ, ಕರಾವಳಿಯ ಬೆಟ್ಟಸಾಲಿನಲ್ಲಿ. ಒಟ್ಟು ಸುಮಾರು 93,000 ಎಕರೆ. ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಕಾಮನ್ ಸ್ಕೂಲ್ ಫಂಡ್ ಎಂಬ ಶಾಲಾ ನಿಧಿಗೆ ಸೇರಿದ್ದು. ಮುಖ್ಯ ಮರ ಡಗ್ಲಸ್ ಫರ್. 1868ರ ಕೂಸ್ ಬೇ ಬೆಂಕಿ ಈ ಜಾಗದ ಬಹುಪಾಲನ್ನು ಸುಟ್ಟಿತ್ತು. ಇಂದು ಅಲ್ಲಿರುವ ದೊಡ್ಡ ಮರಗಳು ಆ ಬೂದಿಯಿಂದ ತಾವಾಗಿ ಎದ್ದವು. ಅಂದರೆ ಅರ್ಧದಷ್ಟು ಕಾಡು ನೂರು ವರ್ಷ ದಾಟಿದ್ದು, ಒಮ್ಮೆಯೂ ಕೊಡಲಿ ಕಾಣದ್ದು. ನಾಟಾ ವ್ಯಾಪಾರಿಗೆ ಅದೇ ಚಿನ್ನ, ಕಾಡುಹಕ್ಕಿಗೂ ಅದೇ ಮನೆ.

ಒಡೆತನದ ವ್ಯವಸ್ಥೆ ಹೀಗಿತ್ತು. ಗವರ್ನರ್, ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯದ ಚುನಾವಣೆ, ದಾಖಲೆ ನೋಡಿಕೊಳ್ಳುವವರು) ಮತ್ತು ಖಜಾಂಚಿ, ಈ ಮೂವರ ಸ್ಟೇಟ್ ಲ್ಯಾಂಡ್ ಬೋರ್ಡ್ ಟ್ರಸ್ಟಿ. ಅದರ ಕಚೇರಿ ಕೆಲಸ ರಾಜ್ಯ ಭೂ ಇಲಾಖೆಯದು. ಕಾಡಿನೊಳಗಿನ ಕೆಲಸವನ್ನು ಅರಣ್ಯ ಇಲಾಖೆ ಕರಾರಿನ ಮೇಲೆ ಮಾಡುತ್ತಿತ್ತು, ಖರ್ಚನ್ನು ಶಾಲಾ ನಿಧಿಗೆ ಹಾಕುತ್ತಿತ್ತು. ಹರಾಜಿನಲ್ಲಿ ನಿಂತ ಮರ ಮಾರಿ ಬಂದ ಹಣದಲ್ಲಿ ಖರ್ಚು ಕಳೆದು ಉಳಿದದ್ದು ಇಡುಗಂಟಿಗೆ. ಆ ಇಡುಗಂಟನ್ನು ಷೇರು, ಬಾಂಡ್‌ಗಳಲ್ಲಿ ಹೂಡಿ, ಗಳಿಕೆಯ ಒಂದಂಶವನ್ನು ಮಾತ್ರ ಪ್ರತಿ ಕೌಂಟಿಯ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲಾ ಜಿಲ್ಲೆಗಳಿಗೆ ಹಂಚುತ್ತಾರೆ. ಗಮನಿಸಬೇಕಾದದ್ದು: ಮರ ಕಡಿದ ದುಡ್ಡು ನೇರವಾಗಿ ಯಾವ ಶಾಲೆಗೂ ಹೋಗುವುದಿಲ್ಲ. “ಮರ ಕಡಿಯದಿದ್ದರೆ ಮಾಸ್ತರರ ಸಂಬಳ ನಿಲ್ಲುತ್ತದೆ” ಎಂಬ ಭಾಷಣಗಳೂ, ಇಡುಗಂಟಿನ ಹೂಡಿಕೆಯನ್ನು ಮರೆತು ಕಾಡಿನ ಆದಾಯವನ್ನಷ್ಟೇ ಎಣಿಸುವ ವಾದಗಳೂ ಒಂದೇ ತಪ್ಪು ಮಾಡುತ್ತವೆ. 2017–19ರ ಎರಡು ವರ್ಷಕ್ಕೆ ಒರೆಗಾನ್ ತನ್ನ ಬಜೆಟ್ಟಿನಿಂದ ಶಾಲೆಗಳಿಗೆ ಕೊಟ್ಟದ್ದು 820 ಕೋಟಿ ಡಾಲರ್. ಅದರ ಪಕ್ಕದಲ್ಲಿ ಶಾಲಾ ನಿಧಿಯ ಹಂಚಿಕೆ ಮಗುವೊಂದಕ್ಕೆ ವರ್ಷಕ್ಕೆ ನೂರು ಡಾಲರಿನ ಆಸುಪಾಸು. ಚಿಕ್ಕದು, ಆದರೆ ಯಾವ ಶಾಸಕನೂ ಮುಟ್ಟಲಾಗದ ಹಣ.

ಗಂಟು ಬಿಗಿದದ್ದು ಹೇಗೆ

ಮಚ್ಚೆ ಗೂಬೆ 1990ರಲ್ಲಿ, ಮಾರ್ಬಲ್ಡ್ ಮರ್ಲೆಟ್ 1992ರಲ್ಲಿ, ಕರಾವಳಿಯ ಕೋಹೊ ಸಾಲ್ಮನ್ ಮೀನು 1998ರಲ್ಲಿ ಕೇಂದ್ರದ ಅಪಾಯದ ಪಟ್ಟಿಗೆ ಸೇರಿದವು. ಇವುಗಳಲ್ಲಿ ಮರ್ಲೆಟ್ ವಿಚಿತ್ರ ಹಕ್ಕಿ. ಸಮುದ್ರದಲ್ಲಿ ಮೀನು ಹಿಡಿದು ಬದುಕುವ ಇದು ಮೊಟ್ಟೆಯಿಡಲು ಹತ್ತಾರು ಮೈಲಿ ಒಳನಾಡಿಗೆ ಹಾರುತ್ತದೆ. ಗೂಡು ಕಟ್ಟುವುದಿಲ್ಲ, ಹಳೆಯ ಮರದ ದಪ್ಪ ಕೊಂಬೆಯ ಮೇಲೆ ಬೆಳೆದ ಪಾಚಿಯ ಹಾಸಿನಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಎಳೆಯ ನೆಡುತೋಪಿನಲ್ಲಿ ಅಂಥ ಕೊಂಬೆ ಇರುವುದೇ ಇಲ್ಲ.

ಪಟ್ಟಿಯಲ್ಲಿರುವ ಪ್ರಾಣಿಯ ನೆಲೆಯಲ್ಲಿ ಮರ ಕಡಿಯಬೇಕಾದರೆ ಎರಡು ದಾರಿ. ಮೊದಲನೆಯದು ನೆಲೆ ಸಂರಕ್ಷಣಾ ಯೋಜನೆ: ಇಂತಿಷ್ಟು ಕಾಡನ್ನು ಮುಟ್ಟುವುದಿಲ್ಲ ಎಂದು ದಶಕಗಳ ಮಾತು ಕೊಟ್ಟು, ಉಳಿದೆಡೆ ಆಗುವ ಹಾನಿಗೆ ಕೇಂದ್ರದಿಂದ ಮುಂಚೆಯೇ ಪರವಾನಗಿ ಪಡೆಯುವುದು. ಎರಡನೆಯದು ಪರವಾನಗಿಯಿಲ್ಲದೆ, ಪ್ರತಿ ತೋಪನ್ನೂ ಹುಡುಕಿ, ಹಕ್ಕಿ ಇಲ್ಲದ ಕಡೆ ಮಾತ್ರ ಕಡಿಯುವುದು. ಎಲಿಯಟ್ 1995ರಲ್ಲಿ ಮೊದಲ ದಾರಿ ಹಿಡಿಯಿತು. ಆದರೆ ಪರವಾನಗಿಯ ಅವಧಿ ಸಮನಾಗಿರಲಿಲ್ಲ: ಗೂಬೆಗೆ 60 ವರ್ಷ, ಮರ್ಲೆಟ್‌ಗೆ ಬರೀ 6. ಅದು 2001ಕ್ಕೆ ಮುಗಿಯಿತು. ಹೊಸ ಯೋಜನೆಗೆ ಸುಮಾರು ಒಂದು ದಶಕದ ಮಾತುಕತೆ ನಡೆದು, ಸಾಲ್ಮನ್ ಹೊಳೆಗಳ ಎರಡೂ ದಡದಲ್ಲಿ ಎಷ್ಟು ಅಡಿ ಮರ ಬಿಡಬೇಕು ಎಂಬಲ್ಲಿ ಕೇಂದ್ರದ ಮೀನುಗಾರಿಕಾ ಸಂಸ್ಥೆಯ ಜೊತೆ ಮುರಿದುಬಿತ್ತು.

2011ರಲ್ಲಿ ಬೋರ್ಡು ಎರಡನೆಯ ದಾರಿಗೆ ಹೊರಳಿತು. ಅಷ್ಟೇ ಆಗಿದ್ದರೆ ಬೇರೆ ಮಾತು. ಅದೇ ಉಸಿರಿನಲ್ಲಿ ವರ್ಷದ ಕಡಿತದ ಗುರಿಯನ್ನೂ 4 ಕೋಟಿ ಬೋರ್ಡ್ ಫೂಟ್‌ಗೆ ಏರಿಸಿತು. ಒಂದು ಬೋರ್ಡ್ ಫೂಟ್ ಅಂದರೆ ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ. ಪರವಾನಗಿಯ ರಕ್ಷಣೆ ಕಳಚಿಟ್ಟು ಕಡಿತ ಹೆಚ್ಚಿಸುವುದು ವಿಮೆ ರದ್ದುಮಾಡಿ ಗಾಡಿಯ ವೇಗ ಹೆಚ್ಚಿಸಿದ ಹಾಗೆ. ಮರ್ಲೆಟ್ ಸಮೀಕ್ಷೆ ಎಂದರೆ ಸೂರ್ಯೋದಯಕ್ಕೆ 45 ನಿಮಿಷ ಮೊದಲೇ ತೋಪಿನಲ್ಲಿ ನಿಂತು, ಕತ್ತಲೆಯಲ್ಲಿ ಹಾರುವ ಹಕ್ಕಿಯನ್ನು ಕಣ್ಣು, ಕಿವಿ ಎರಡರಿಂದಲೂ ಹಿಡಿಯುವ ಕೆಲಸ. ಎರಡು ವರ್ಷ ಮಾಡಬೇಕು. ಮರಗಳ ನೆತ್ತಿಗಿಂತ ಕೆಳಗೆ ಹಕ್ಕಿ ಹಾರಿದ್ದು ಕಂಡರೆ ಆ ತೋಪು ಅದರ ನೆಲೆಯೆಂದೇ ಲೆಕ್ಕ. ಎರಡು ವರ್ಷದ ಖರ್ಚು ಹಾಕಿದ ಮೇಲೆ ಹರಾಜೇ ಇಲ್ಲ!

2012ರಲ್ಲಿ ಕ್ಯಾಸ್ಕೇಡಿಯಾ ವೈಲ್ಡ್‌ಲ್ಯಾಂಡ್ಸ್ ಸೇರಿ ಮೂರು ಪರಿಸರ ಸಂಘಟನೆಗಳು ಫೆಡರಲ್ ಕೋರ್ಟಿಗೆ ಹೋದವು. ಮರ್ಲೆಟ್ ನೆಲೆಯಲ್ಲಿ ಕಡಿಯುವುದಕ್ಕೆ ತಡೆಯಾಜ್ಞೆ ಬಂತು. 2014ರಲ್ಲಿ ರಾಜ್ಯ 28 ಮರ ಮಾರಾಟಗಳನ್ನು ಕೈಬಿಟ್ಟು ರಾಜಿ ಮಾಡಿಕೊಂಡಿತು. ಈ ನಡುವೆ ಆದಾಯ ಕುಸಿದರೂ ಖರ್ಚು ಕುಸಿಯಲಿಲ್ಲ. ರಸ್ತೆಯ ಮೋರಿಗಳು ಕಟ್ಟಿಕೊಳ್ಳುವುದು, ಬೇಸಿಗೆಯ ಬೆಂಕಿ ಕಾವಲು, ಸಿಬ್ಬಂದಿ, ಸಮೀಕ್ಷೆ, ವಕೀಲರು, ಇವು ಎಷ್ಟು ಮರ ಕಡಿದಿರಿ ಎಂದು ಕೇಳಿ ಬರುವ ಖರ್ಚುಗಳಲ್ಲ. 2013ರ 30 ಲಕ್ಷ ಡಾಲರ್ ನಷ್ಟ ಹುಟ್ಟಿದ್ದು ಹೀಗೆ. ಮಗುವೊಂದಕ್ಕೆ ಹಂಚಿದರೆ ಅದು ಐದು ಡಾಲರಿನಷ್ಟು. ಶಾಲೆಗಳು ಮುಚ್ಚುವ ಮೊತ್ತವಲ್ಲ. ಆದರೆ ಟ್ರಸ್ಟಿಗೆ ಅದು ಬೇರೆ ಥರದ ಸಂಕಟ: ಫಲಾನುಭವಿಯ ಗಂಟಿನಿಂದ ತೆಗೆದು ಫಲ ಕೊಡದ ಆಸ್ತಿಯನ್ನು ಸಾಕುವುದಕ್ಕೆ ದತ್ತಿ ಕಾನೂನಿನಲ್ಲಿ ಸಮರ್ಥನೆ ಸಿಗುವುದಿಲ್ಲ.

ಮಾರಲು ಹೊರಟಾಗ

ಮೊದಲು ಸಣ್ಣದಾಗಿ ಪರೀಕ್ಷಿಸಿದರು. 2014ರಲ್ಲಿ ಈಸ್ಟ್ ಹಕ್ಕಿ ರಿಡ್ಜ್, ಬೆನ್ಸನ್ ರಿಡ್ಜ್, ಆಡಮ್ಸ್ ರಿಡ್ಜ್ ಎಂಬ ಮೂರು ತುಂಡುಗಳನ್ನು ಟಿಂಬರ್ ಕಂಪನಿಗಳಿಗೆ ಮಾರಿದರು. (ಈ “ಹಕ್ಕಿ” ಕನ್ನಡದ್ದಲ್ಲ, ಜಗಳ ನಡೆದದ್ದು ಮಾತ್ರ ಹಕ್ಕಿಗಾಗಿಯೇ.) 788 ಎಕರೆಯ ಈಸ್ಟ್ ಹಕ್ಕಿ ರಿಡ್ಜ್ ಮೇಲೆ ಮತ್ತೆ ದಾವೆ. ಈ ಸಲ ಹಕ್ಕಿಯ ಕಾನೂನಲ್ಲ, ಒರೆಗಾನ್‌ನದೇ 1957ರ ಒಂದು ಕಾಯ್ದೆ ಎದ್ದು ನಿಂತಿತು: ಹಿಂದೆ ರಾಷ್ಟ್ರೀಯ ಅರಣ್ಯದಲ್ಲಿದ್ದು ವಿನಿಮಯದಿಂದ ಬಂದ ಎಲಿಯಟ್‌ನ ನೆಲವನ್ನು ಮಾರುವಂತಿಲ್ಲ. ದತ್ತಿಯ ಟ್ರಸ್ಟಿಗಳ ಕೈಯನ್ನು ಶಾಸನಸಭೆ ಹೀಗೆ ಕಟ್ಟಬಹುದೇ ಎಂಬ ಪ್ರಶ್ನೆ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕಟ್ಟಬಹುದು ಎಂದು 2019ರಲ್ಲಿ ತೀರ್ಪಾಯಿತು. ಬೆನ್ಸನ್ ರಿಡ್ಜ್‌ನ ಕಥೆ ಇನ್ನೂ ಕುತೂಹಲಕರ. ಖಾಸಗಿ ಕೈಗೆ ಹೋದರೂ ಮರ್ಲೆಟ್ ಜಾಗ ಬಿಡಲಿಲ್ಲ. ಅಲ್ಲಿನ 49 ಎಕರೆ ಕಡಿಯಕೂಡದೆಂದು 2022ರಲ್ಲಿ ಫೆಡರಲ್ ಕೋರ್ಟು ಕಂಪನಿಗೇ ಆದೇಶಿಸಿತು. ಆಸ್ತಿ ಕೈ ಬದಲಾದರೆ ಅದರ ಮೇಲಿನ ಕಟ್ಟುಪಾಡು ಕಳಚುವುದಿಲ್ಲ ಎಂಬುದನ್ನು ಹರಾಜು ಕೂಗುವ ಮುನ್ನವೇ ಓದಿಕೊಳ್ಳಬೇಕಿತ್ತು.

ಈ ತೀರ್ಪುಗಳಿಗೆ ಕಾಯದೆ, 2015ರ ಆಗಸ್ಟ್‌ನಲ್ಲಿ ಬೋರ್ಡು ಕಾಡಿನಲ್ಲಿ ಶಾಲಾ ನಿಧಿಗೆ ಉಳಿದಿದ್ದ ಇಡೀ ಪಾಲನ್ನು, ಸುಮಾರು 82,500 ಎಕರೆಯನ್ನು, ಒಂದೇ ಬಾರಿಗೆ ಮಾರುವ ಕ್ರಮ ಒಪ್ಪಿತು. ಬೆಲೆಯಲ್ಲಿ ಪೈಪೋಟಿ ಇಲ್ಲ. ಮೌಲ್ಯಮಾಪನ ಮಾಡಿಸಿ 22.08 ಕೋಟಿ ಡಾಲರ್ ಎಂದು ಮೊದಲೇ ನಿಗದಿ ಮಾಡಿದರು. ಎಕರೆಗೆ ಸುಮಾರು 2,700 ಡಾಲರ್ ಬಿತ್ತು. ಕೊಳ್ಳುವವರು ಪೈಪೋಟಿ ನಡೆಸಬೇಕಿದ್ದುದು ಸಾರ್ವಜನಿಕ ಹಿತದ ಷರತ್ತುಗಳಲ್ಲಿ. ಅರ್ಧ ಕಾಡಿಗಾದರೂ ಜನರಿಗೆ ಪ್ರವೇಶ ಉಳಿಯಬೇಕು, ಹಳೆಯ ತೋಪಿನ ಕಾಲುಭಾಗ ಮುಟ್ಟಬಾರದು, ಹೊಳೆಗಳ ಬದಿಗೆ 120 ಅಡಿ ಬಿಡಬೇಕು, ಹತ್ತು ವರ್ಷ 40 ಜನರಿಗಾದರೂ ಕೆಲಸ ಕೊಡಬೇಕು.

ಕಾಗದದ ಮೇಲೆ ಜಾಣ ಏರ್ಪಾಡು. ಗಡುವು ಮುಗಿದಾಗ ಬಂದದ್ದು ಒಂದೇ ಅರ್ಜಿ: ಲೋನ್ ರಾಕ್ ಎಂಬ ಟಿಂಬರ್ ಕಂಪನಿ, ಅದರ ಜೊತೆ ಕೌ ಕ್ರೀಕ್ ಬುಡಕಟ್ಟು ಮತ್ತು ಕೂಸ್, ಲೋವರ್ ಅಂಪ್ಕ್ವಾ, ಸಯೂಸ್ಲಾ ಒಕ್ಕೂಟ. ತಮ್ಮ ಹಿರಿಯರ ನೆಲಕ್ಕೆ ತಾವೇ ಪೂರ್ತಿ ಮಾರುಕಟ್ಟೆ ಬೆಲೆ ಹೊಂದಿಸಬೇಕಾದ ಸ್ಥಿತಿ ಆ ಬುಡಕಟ್ಟಿನವರದು. ಒಬ್ಬರೇ ಬಂದದ್ದೇಕೆ ಎಂಬುದಕ್ಕೆ ಉತ್ತರ ಕಷ್ಟವಲ್ಲ. ಕಡಿಯಲಾಗದ ಮರ, ಮುಗಿಯದ ದಾವೆ, ಮೇಲೆ ನಾಲ್ಕು ಷರತ್ತು, ಅದರ ಮೇಲೆ ಇಳಿಯದ ಬೆಲೆ. ಹೂಡಿಕೆದಾರ ಲೆಕ್ಕ ಹಾಕಿ ದೂರ ಉಳಿದ.

2017ರ ಫೆಬ್ರುವರಿ 14ರಂದು, ಒರೆಗಾನ್‌ನ ಹುಟ್ಟುಹಬ್ಬದ ದಿನವೇ, ಬೋರ್ಡು 2–1ರಿಂದ ಮಾರಾಟಕ್ಕೆ ಮುಂದಡಿಯಿಟ್ಟಿತು. ಖಜಾಂಚಿ ಟೋಬಿಯಾಸ್ ರೀಡ್, ಸೆಕ್ರೆಟರಿ ಡೆನಿಸ್ ರಿಚರ್ಡ್‌ಸನ್ ಪರ. ಗವರ್ನರ್ ಕೇಟ್ ಬ್ರೌನ್ ವಿರೋಧ. ಸಾರ್ವಜನಿಕ ಅರಣ್ಯ ಮಾರುವುದಕ್ಕೆ ಎದ್ದ ಪ್ರತಿಭಟನೆ ಚಿಕ್ಕದಾಗಿರಲಿಲ್ಲ. ಮೂರು ತಿಂಗಳೂ ಕಳೆಯದೆ, ಮೇ ತಿಂಗಳಲ್ಲಿ, ಅದೇ ಮೂವರು 3–0ಯಿಂದ ಮಾರಾಟ ನಿಲ್ಲಿಸಿದರು. ಟ್ರಸ್ಟಿಯೇ ಚುನಾವಣೆಗೆ ನಿಲ್ಲುವ ರಾಜಕಾರಣಿಯಾಗಿದ್ದರೆ ಹೀಗೇ ಆಗುವುದು: ದತ್ತಿಯ ಫಲಾನುಭವಿ ಮಕ್ಕಳಿಗೆ ಮತವಿಲ್ಲ, ಕಾಡಿಗೆ ನಡೆದಾಡಲು ಹೋಗುವವರಿಗೆ ಇದೆ.

ಬೇರ್ಪಡಿಕೆ

ಆಮೇಲೆ ಹಿಡಿದ ದಾರಿಯನ್ನು ಅಲ್ಲಿನವರು ಡಿಕಪ್ಲಿಂಗ್ ಎಂದರು. ರೈಲಿನ ಬೋಗಿ ಕಳಚುವ ಹಾಗೆ ಕಾಡನ್ನು ದತ್ತಿಯಿಂದ ಕಳಚುವುದು. ಕಾಡು ರಾಜ್ಯದ ಬಳಿಯೇ ಉಳಿಯುತ್ತದೆ. ಆದರೆ ಶಾಲಾ ನಿಧಿಗೆ ಪೂರ್ತಿ ಬೆಲೆಯನ್ನು ರಾಜ್ಯ ಕಟ್ಟಿಕೊಡಬೇಕು. ಇದು ಕೃಪೆಯಲ್ಲ, ಕಾನೂನಿನ ಅಗತ್ಯ. ಅರಿಜೋನಾದ ಹೆದ್ದಾರಿ ಇಲಾಖೆ ಶಾಲಾ ದತ್ತಿ ಜಮೀನಿನಲ್ಲಿ ಬಿಟ್ಟಿಯಾಗಿ ರಸ್ತೆ ಮಾಡಲು ನೋಡಿದಾಗ, ಸರ್ಕಾರವೇ ಆದರೂ ದತ್ತಿಗೆ ಪೂರ್ಣ ಬೆಲೆ ಕೊಡಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತ್ತು. ಒರೆಗಾನ್‌ನ ಸಂವಿಧಾನದ ಮಾತು ಸ್ವಲ್ಪ ಸಡಿಲ. ಸಂಪನ್ಮೂಲದ ರಕ್ಷಣೆಗೆ ಹೊಂದಿಕೊಂಡು ರಾಜ್ಯದ ಜನರಿಗೆ ಅತಿ ಹೆಚ್ಚಿನ ಲಾಭ ಎಂಬುದು ಅದರ ಸಾರ. ಈ ಸಡಿಲಿನೊಳಗೆ ಕಾಡನ್ನು ಉಳಿಸಿಕೊಳ್ಳಲು ಜಾಗವಿತ್ತು, ಬಿಟ್ಟಿಯಾಗಿ ಉಳಿಸಿಕೊಳ್ಳಲು ಇರಲಿಲ್ಲ. ಪಕ್ಕದ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು 2022ರಲ್ಲಿ, ದತ್ತಿ ಜಮೀನಿನಿಂದ ಗರಿಷ್ಠ ಆದಾಯ ತೆಗೆಯಲೇಬೇಕೆಂಬ ಬಲವಂತ ತನ್ನ ಸಂವಿಧಾನದಲ್ಲಿಲ್ಲ ಎಂದಿತು. ಒಂದೊಂದು ರಾಜ್ಯಕ್ಕೆ ಒಂದೊಂದು ಪಠ್ಯವಿರುವುದರಿಂದ ಒಂದರ ತೀರ್ಪನ್ನು ಇನ್ನೊಂದಕ್ಕೆ ಎತ್ತಿಹಾಕಲು ಬರುವುದಿಲ್ಲ.

ಹಣ ಎರಡು ಕಂತಿನಲ್ಲಿ ಹೊಂದಿತು. 2017ರಲ್ಲಿ ಶಾಸನಸಭೆ 10 ಕೋಟಿ ಡಾಲರಿಗೆ ಬಾಂಡ್ ಒಪ್ಪಿತು. 2022ರಲ್ಲಿ ಉಳಿದ 12.1 ಕೋಟಿ ಮಂಜೂರಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಬೋರ್ಡು ಬೇರ್ಪಡಿಕೆಗೆ ಅಂತಿಮ ಒಪ್ಪಿಗೆ ಕೊಟ್ಟಿತು. ನಿಧಿಗೆ ಆದದ್ದೇನು? 22.1 ಕೋಟಿಯ ಮೇಲೆ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಹಂಚಿದರೆ 88 ಲಕ್ಷ ಡಾಲರ್. 30 ಲಕ್ಷ ಕಳೆದುಕೊಳ್ಳುತ್ತಿದ್ದ ಆಸ್ತಿಯ ಬದಲಿಗೆ ಇದು; ದತ್ತಿಯ ದೃಷ್ಟಿಯಲ್ಲಿ ತಕರಾರಿಲ್ಲದ ಲಾಭ.

ಆದರೂ ಎರಡು ಕಡೆ ಲೆಕ್ಕ ಕುಂಟುತ್ತದೆ. ಮೊದಲನೆಯದು ಕಾಲ. ಬೆಲೆ ಕಟ್ಟಿದ್ದು 2016ರಲ್ಲಿ, ಕೊನೆಯ ಕಂತು ಬಂದದ್ದು 2022ರಲ್ಲಿ. 12.1 ಕೋಟಿಗೆ ಅದೇ ನಾಲ್ಕರ ದರ ಹಿಡಿದರೆ ವರ್ಷಕ್ಕೆ 48 ಲಕ್ಷ ಡಾಲರಿನ ಗಳಿಕೆ, ಸಿಗಬೇಕಾದವರಿಗೆ ಅಷ್ಟು ವರ್ಷ ಸಿಗಲಿಲ್ಲ. ಬೆಲೆ ನಿಗದಿಯ ಪತ್ರದಲ್ಲೇ ತಡವಾದ ವರ್ಷಗಳಿಗೆ ಬಡ್ಡಿಯ ಕಲಮು ಸೇರಿಸುವುದು ಯಾವ ಟ್ರಸ್ಟಿಯೂ ಮಾಡಬಹುದಾದ ಕೆಲಸ. ಎರಡನೆಯದು ಕೈ. ಬಾಂಡ್ ತೀರಿಸುವುದು ಒರೆಗಾನ್‌ನ ತೆರಿಗೆದಾರ. ಶಾಲೆಗಳಿಗೆ ಬಹುಪಾಲು ಹಣ ಹೋಗುವುದೂ ಅದೇ ಖಜಾನೆಯಿಂದ. ಎಡಗೈಯಿಂದ ಬಲಗೈಗೆ ದಾಟಿಸಿದ ದುಡ್ಡು ಎಂದು ಟೀಕಿಸಿದರೆ ಪೂರ್ತಿ ಸುಳ್ಳಲ್ಲ. ದಾಟಿಸಿದ ಮೇಲೆ ಅದು ವರ್ಷವರ್ಷದ ಬಜೆಟ್ ಜಗಳಕ್ಕೆ ಸಿಗದ ಇಡುಗಂಟಾಗುತ್ತದೆ ಎಂಬುದೂ ನಿಜ.

ಕಾಡಿನ ಪಾಡು

ಕಾಡನ್ನು ಒರೆಗಾನ್ ಸ್ಟೇಟ್ ಯೂನಿವರ್ಸಿಟಿ ಸಂಶೋಧನಾ ಅರಣ್ಯವಾಗಿ ನಡೆಸಬೇಕೆಂದು ಬೋರ್ಡು 2018ರಿಂದ ಮಾತುಕತೆ ನಡೆಸಿತ್ತು. 34,000 ಎಕರೆಗೂ ಮಿಕ್ಕ ಮೀಸಲು ಭಾಗ, ಉಳಿದೆಡೆ ಬೇರೆಬೇರೆ ಬಗೆಯ ಕಡಿತದ ಪ್ರಯೋಗ, ಅದರ ಆದಾಯದಿಂದ ಸಂಶೋಧನೆಯ ಖರ್ಚು ಎಂಬ ಯೋಜನೆ ಅದು. ಆದರೆ ಬೇರ್ಪಡಿಕೆಯಾಗಿ ವರ್ಷ ತುಂಬುವ ಮೊದಲೇ, 2023ರ ನವೆಂಬರ್‌ನಲ್ಲಿ, ವಿಶ್ವವಿದ್ಯಾಲಯದ ಅಧ್ಯಕ್ಷೆ, ಐಐಟಿ ಕಾನ್ಪುರದಲ್ಲಿ ಓದಿದ ಜಯತಿ ಮೂರ್ತಿ, ಹಿಂದೆ ಸರಿಯುವುದಾಗಿ ಪತ್ರ ಬರೆದರು. ಕಾಡನ್ನು ಇಂಗಾಲದ ಮಾರುಕಟ್ಟೆಗೆ (ಮರಗಳು ಹಿಡಿದಿಟ್ಟ ಇಂಗಾಲವನ್ನು ಲೆಕ್ಕ ಹಾಕಿ ಮಾರುವ ವ್ಯವಸ್ಥೆಗೆ) ಸೇರಿಸುವ ರಾಜ್ಯದ ಇಚ್ಛೆ, ಬುಡಕಟ್ಟಿನವರ ಆಕ್ಷೇಪ, ಹಣಕಾಸಿನ ಹೊಣೆ, ಇವುಗಳಲ್ಲಿ ಒಮ್ಮತವಿರಲಿಲ್ಲ. ಆಗ ನಡೆಸುವ ಭಾರ ಮತ್ತೆ ರಾಜ್ಯ ಭೂ ಇಲಾಖೆಯ ಹೆಗಲಿಗೇ ಬಂತು. ಹಳೆಯ ಖರ್ಚುಗಳು ಇದ್ದಲ್ಲೇ ಇವೆ: ಮೋರಿ, ಬೆಂಕಿ, ಸಮೀಕ್ಷೆ. ಬದಲಾದದ್ದು ಬಿಲ್ಲು ಯಾರ ಹೆಸರಿಗೆ ಹೋಗುತ್ತದೆ ಎಂಬುದು.

ಶಾಲಾ ನಿಧಿಯ ಕೈಯಲ್ಲಿ ಈಗ ಉಳಿದಿರುವ ನೆಲದ ಬಹುಪಾಲು ಪೂರ್ವ ಒರೆಗಾನ್‌ನ ಒಣ ಹುಲ್ಲುಗಾವಲು. ದನ ಮೇಯಿಸುವ ಗುತ್ತಿಗೆಯಿಂದ ಬರುವ ಆದಾಯ ಎಕರೆ ಲೆಕ್ಕದಲ್ಲಿ ಪುಡಿಗಾಸು. ಅಲ್ಲಿ ಮರ್ಲೆಟ್ ಇಲ್ಲ, ಸೇಜ್ ಗ್ರೌಸ್ ಎಂಬ ಇನ್ನೊಂದು ಹಕ್ಕಿ ಇದೆ. ಅದನ್ನು ಅಪಾಯದ ಪಟ್ಟಿಗೆ ಸೇರಿಸುವುದಿಲ್ಲ ಎಂದು ಕೇಂದ್ರ 2015ರಲ್ಲಿ ತೀರ್ಮಾನಿಸಿತು. ಎಲಿಯಟ್ ಮಾರುವ ಕ್ರಮವನ್ನು ಬೋರ್ಡು ಒಪ್ಪಿದ ವರ್ಷವೂ ಅದೇ.